ಗೊರಂಬನ ಹೆಸರಿನಲ್ಲಿ ಅರ್ಚನೆ

ಕುರುಡುಮಲೆ ಗಣಪನ ಎದುರು ತೆಂಗಿನಕಾಯಿ ಒಡೆದು ಬಂದವನನ್ನು ನಮ್ಮ ಕಡೆ ಯಾರೂ ಭಕ್ತ ಎಂದುಕೊಳ್ಳುವುದಿಲ್ಲ, ಕ್ಯಾಂಡಿಡೇಟು ಎಂದುಕೊಳ್ಳುತ್ತಾರೆ. ವಿಧಾನಸಭೆಗೆ ನಿಲ್ಲುವವರಿಂದ ಹಿಡಿದು ಹಾಲಿನ ಡೇರಿಗೆ ನಿಲ್ಲುವವರವರೆಗೆ ಪ್ರಚಾರ ಶುರುವಾಗುವುದು ಅಲ್ಲಿಂದಲೇ. ಬರೀ ಭಕ್ತಿಗೆಂದು ಹೋಗುವವರು ಚುನಾವಣೆ ಇಲ್ಲದ ಕಾಲ ನೋಡಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಬುತ್ತಿ ಹೊತ್ತುಕೊಂಡು ಹೋಗಬೇಕು. ಇಷ್ಟು ತಿಳಿವಳಿಕೆ ಹುತ್ತೂರು ಹೋಬಳಿಯ ಕೋಳಿಗಳಿಗೂ ಇದೆ. ನಮ್ಮ ಮುರಳಿಮೋಹನನಿಗೆ ಇರಲಿಲ್ಲ.

ಮುರಳಿಮೋಹನ್ ನಮ್ಮ ಪಕ್ಕದ ಮನೆಯ ಕೋದಂಡರಾಮಪ್ಪನವರ ಅಳಿಯ. ಬರೀ ಅಳಿಯನಲ್ಲ, ಇಲ್ಲಟದ ಅಳಿಯ, ಎಂದರೆ ಮಾಲೂರಿನಿಂದ ಬಂದು ಹೆಂಡತಿಯ ಮನೆಯಲ್ಲೇ ನೆಲೆಸಿದವನು. ಕೋಲಾರದ ಡ್ರಿಪ್ ಪೈಪಿನ ಅಂಗಡಿಯಲ್ಲಿ ಕೆಲಸ. ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ಅದಕ್ಕೂ ಮುಂದೆ ಹೋಗಿದೆ. ಒಳ್ಳೆಯವನು. ಯಾರಿಗೂ ಏನೂ ಮಾಡಲಾಗದವನನ್ನು ನಾನು ಒಳ್ಳೆಯವನು ಎನ್ನುತ್ತೇನೆ.

ಮಾವ ಕೋದಂಡರಾಮಪ್ಪನವರ ವಿಷಯ ಬೇರೆ. ಡೇರಿಯಲ್ಲಿ ಹಾಲನ್ನು ಪಾವು ಸೇರಿನಲ್ಲಿ ಅಳೆಯುತ್ತಿದ್ದ ಕಾಲದಿಂದ ಅವರೇ ಅಧ್ಯಕ್ಷರು. ಹೆಂಡತಿ ಭಾರತಮ್ಮ ತೀರಿಕೊಂಡ ಮೇಲಂತೂ ಅವರನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಕುರ್ಚಿಯೊಂದೇ. ಅದು ಹೋದರೆ ಮುದುಕರು ಏನು ಮಾಡುತ್ತಾರೆ ಎಂದು ಯೋಚಿಸಲು ನನಗೂ ಧೈರ್ಯವಿರಲಿಲ್ಲ.

ಮುರಳಿಗೆ ಒಂದು ಚಟ. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ, ಟೀವಿಗೆ ಒಂದು ಡಬ್ಬಿ ಸಿಕ್ಕಿಸಿ, ‘ಅಖಾಡ’ ಎನ್ನುವ ಹೊಡೆದಾಟದ ವಿಡಿಯೋ ಗೇಮ್ ಆಡುವುದು. ಹೊರಗೆ ಮಾತ್ರ ಅಳಿಯಂದಿರು ಆನ್‌ಲೈನಿನಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸು ಓದುತ್ತಿದ್ದಾರೆ ಎಂದು ಸುದ್ದಿ. ಈ ಸುಳ್ಳನ್ನು ಹೆಣೆದವಳು ಅವನ ಹೆಂಡತಿ ಶೋಭಾರಾಣಿ. “ಆಟ ಆಡ್ತಾರೆ ಅಂತ ಅಪ್ಪನಿಗೆ ಹೇಳಕ್ಕಾಗ್ತದಾ? ಓದ್ತಾರೆ ಅಂದ್ರೆ ನನಗೂ ಮರ್ಯಾದೆ” ಎನ್ನುವುದು ಅವಳ ವಾದ. ಕೋದಂಡರಾಮಪ್ಪನವರು ಅದನ್ನು ನಂಬಿ, ನನ್ನ ರಾಗಿ ಮಿಲ್ಲಿಗೆ ಬಂದವರಿಗೆಲ್ಲ “ನಮ್ಮಳಿಯ ಮ್ಯಾನೇಜ್‌ಮೆಂಟ್ ಓದ್ತಾವ್ನೆ” ಎಂದು ಹೇಳಿಕೊಂಡು ತಿರುಗುತ್ತಿದ್ದರು. ಗೋಡೆಯಾಚೆಯಿಂದ ಮ್ಯಾನೇಜ್‌ಮೆಂಟು “ಹೊಡಿ, ಹೊಡಿ, ಸತ್ತ!” ಎಂದು ಕೂಗುವುದನ್ನು ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೆ. ನನಗೇಕೆ ಬೇಕು ಎಂದು ಸುಮ್ಮನಿದ್ದೆ.

ಆ ಆಟದಲ್ಲಿ ಹತ್ತಾರು ಜಟ್ಟಿಗಳು. ನಮಗೆ ಬೇಕಾದವನನ್ನು ಆರಿಸಿಕೊಂಡು ಎದುರಿನವನನ್ನು ಬಡಿಯಬೇಕು. ಮುರಳಿ ಆರಿಸುತ್ತಿದ್ದದ್ದು ಯಾವಾಗಲೂ ಒಬ್ಬನನ್ನೇ, ಗೊರಂಬ. ಬೊಜ್ಜಿನವನು, ಬಿಳಿ ಗಡ್ಡದವನು, ಹೆಜ್ಜೆ ಎತ್ತಿಡುವುದರೊಳಗೆ ಎದುರಿನವನು ಕಾಫಿ ಕುಡಿದು ಬರಬಹುದು. ಆದರೆ ಮುರಳಿಗೆ ಗೆಲ್ಲಲು ಬರುತ್ತಿದ್ದದ್ದು ಅವನೊಬ್ಬನಿಂದಲೇ.

ಗಲಾಟೆ ಶುರುವಾದದ್ದು ಮಾಲೂರಿನಲ್ಲಿ, ರೈಲ್ವೆ ಸ್ಟೇಷನ್ ಎದುರು ಮೊಬೈಲ್ ಅಂಗಡಿ ಇಟ್ಟಿರುವ ಅವನ ಬಾಲ್ಯದ ಗೆಳೆಯ ಆಂಜಿಯ ಹತ್ತಿರ. ಆಂಜಿಗೂ ಇದೇ ಹುಚ್ಚು. ಒಂದು ಶನಿವಾರ ಮುರಳಿ ಅಲ್ಲಿಗೆ ಹೋದಾಗ ಆಂಜಿ ಗಿರಾಕಿಗಳನ್ನು ಮರೆತು ತಲೆ ಮೇಲೆ ಕೈ ಹೊತ್ತು ಕೂತಿದ್ದ.

“ಅಖಾಡದ ಹೊಸ ಐದನೇ ಭಾಗದಲ್ಲಿ ಯಾರ್ಯಾರು ಇರ್ತಾರೆ ಅಂತ ಕಂಪನಿಯೋರು ಹೇಳಿಬಿಟ್ರು ಕಣೋ. ಗೊರಂಬ ಇಲ್ಲ.”

“ಸರಿಯಾಗಿ ನೋಡ್ಲಾ.”

“ಮೇಲಿಂದ ಕೆಳಕ್ಕೆ ನೋಡ್ದೆ, ಕೆಳಗಿಂದ ಮೇಲಕ್ಕೆ ನೋಡ್ದೆ. ಕತ್ತಿ ಹಿಡ್ಕೊಂಡಿರೋ ಹುಡುಗ್ರೇ ಒಂಬತ್ತು ಜನ ಅವ್ರೆ. ಎಲ್ರಿಗೂ ಒಂದೇ ಮುಖ, ಕೂದಲ ಬಣ್ಣ ಬೇರೆ. ಶೂ ಮಾರೋ ಕಂಪನೀದು ಒಂದು ಬೊಂಬೆ ಐತಲ್ಲ, ಅದೂ ಜಟ್ಟಿ ಅಂತೆ! ಮೊದಲನೇ ಭಾಗದಿಂದ ದುಡಿದ ಗೊರಂಬನಿಗೆ ಜಾಗ ಇಲ್ಲ.”

“ಯಾಕಂತೆ?”

“ನಿಧಾನ ಅಂತೆ. ಹೊಸ ಹುಡುಗ್ರು ಅವನ್ನ ಆರಿಸ್ಕೊಳ್ಳಲ್ವಂತೆ. ಹಳೇ ಕಂಪನೀನ ದೊಡ್ಡ ಕಂಪನಿ ನುಂಗಿಬಿಟ್ಟೈತೆ ಮುರಳಿ. ಬಂದೋರು ಅವರ ಕಡೆಯೋರ್ನ ತುಂಬ್ಕೋತಾವ್ರೆ. ಇವರಿಗೆ ಆಟ ಗೊತ್ತಿಲ್ಲ, ವ್ಯಾಪಾರ ಗೊತ್ತು. ವ್ಯಾಪಾರಾನೂ ಸರಿಯಾಗಿ ಗೊತ್ತಿಲ್ಲ, ನನ್ನ ಕೇಳಿದ್ರೆ.”

ಆಂಜಿಯ ಅಂಗಡಿ ಬಾಡಿಗೆ ಕಟ್ಟಲು ಪರದಾಡುತ್ತಿತ್ತು ಎಂಬುದನ್ನು ಬಿಟ್ಟರೆ, ಸಮುದ್ರದಾಚೆಯ ಕಂಪನಿಗಳನ್ನು ಹೇಗೆ ನಡೆಸಬೇಕು ಎನ್ನುವುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಕೊನೆಗೆ ಅವನೇ ಒಂದು ದಾರಿಯನ್ನೂ ಹೇಳಿದ. ಕಂಪನಿಯವರು ಒಂದು ಜಾಗವನ್ನು ಖಾಲಿ ಇಟ್ಟಿದ್ದಾರೆ. ತೆಗೆದುಹಾಕಿದ ಹಳಬರಲ್ಲಿ ಯಾರು ಬೇಕೆಂದು ಜನ ಫೋನಿನಲ್ಲಿ ಓಟು ಹಾಕಬೇಕು. ಒಂದು ಫೋನಿಗೆ ಒಂದೇ ಓಟು.

ಓಟು ಎಂಬ ಮಾತು ಕಿವಿಗೆ ಬಿದ್ದದ್ದೇ ಮುರಳಿ ಎದ್ದು ನಿಂತ. “ಹಂಗಾದ್ರೆ ಕುರುಡುಮಲೆಯಿಂದ್ಲೇ ಶುರು ಮಾಡ್ಬೇಕು. ನಮ್ಮ ಮಾವ ಅಲ್ಲಿ ಕಾಯಿ ಒಡೀದೆ ಒಂದ್ಸಲಾನೂ ನಿಂತಿಲ್ಲ, ನಿಂತು ಒಂದ್ಸಲಾನೂ ಸೋತಿಲ್ಲ.”

ಹೀಗೆ ಸೋಮವಾರ ಬೆಳಗ್ಗೆ ಇಬ್ಬರೂ ಬೈಕಿನಲ್ಲಿ ಕುರುಡುಮಲೆಗೆ ಹೋದರು. ಅದೇ ವಾರ ನಮ್ಮ ಡೇರಿಗೆ ಚುನಾವಣೆ ಘೋಷಣೆಯಾಗಿತ್ತು. ಮುರಳಿ ಅದನ್ನು ಗಮನಿಸಿರಲಿಲ್ಲ. ಅವನ ತಲೆಯ ತುಂಬ ಗೊರಂಬನೇ ಇದ್ದ.

ಅರ್ಚಕರು ತಟ್ಟೆ ಹಿಡಿದು ಕೇಳಿದರು, “ಯಾರ ಹೆಸರಿಗೆ ಅರ್ಚನೆ?”

“ಗೊರಂಬ ಅಂತ ಸ್ವಾಮಿ.”

“ಗೋತ್ರ?”

“ಗೊತ್ತಿಲ್ಲ. ಸಮುದ್ರದಾಚೆಯೋನು.”

“ಶಿವ ಗೋತ್ರ ಅಂತ ಹೇಳ್ತೀನಿ ಬಿಡಿ. ನಕ್ಷತ್ರ?”

ಆಂಜಿ ಮುಂದೆ ಬಂದು, “ಜ್ವಾಲಾಮುಖಿ ಹೊಟ್ಟೇಲಿ ಹುಟ್ಟಿದ್ದು ಸ್ವಾಮಿ. ಯಾವ ನಕ್ಷತ್ರ ಆಗ್ತದೆ?” ಎಂದ.

“ಕೃತ್ತಿಕಾ ಇರಬಹುದು, ಅಗ್ನಿ ಸಂಬಂಧ,” ಎಂದು ಅರ್ಚಕರು ಯಾವ ಆತಂಕವೂ ಇಲ್ಲದೆ ತೀರ್ಮಾನಿಸಿದರು. “ಕೋರಿಕೆ ಏನು?”

“ಕೊನೇ ಜಾಗದಲ್ಲಿ ಅವನ ಹೆಸರು ಬರ್ಬೇಕು. ಹಳಬರ್ನ ಬಿಟ್ಟು ನೆನ್ನೆ ಮೊನ್ನೆ ಬಂದೋರಿಗೆ ಕೊಡ್ತಾವ್ರೆ.”

“ಇಲ್ಲಿಗೆ ಬರೋರೆಲ್ಲ ಅದನ್ನೇ ಕೇಳೋದು,” ಎಂದು ಅರ್ಚಕರು ಒಳಗೆ ಹೋದರು.

ಹಿಂದೆಯೇ ಸರದಿಯಲ್ಲಿ ನಿಂತಿದ್ದವರು ವೆಂಕಟರಮಣಪ್ಪ. ನಮ್ಮೂರವರೇ, ಕೋದಂಡರಾಮಪ್ಪನವರ ಹಳೆಯ ಎದುರಾಳಿ. ತಮ್ಮ ಕಡೆಯ ಅಭ್ಯರ್ಥಿಗಳ ಸಮೇತ ಪ್ರಚಾರ ಶುರುಮಾಡಲು ಬಂದಿದ್ದರು. ಎದುರಾಳಿಯ ಇಲ್ಲಟದ ಅಳಿಯ, ಮಾವನಿಗೆ ಗೊತ್ತಿಲ್ಲದ ಹಾಗೆ, ಹಳಬರು ಹೊಸಬರು ಎನ್ನುತ್ತ ಗಣಪನಿಗೆ ಹಾರ ಹಾಕಿಸುವುದನ್ನು ಕಣ್ಣಾರೆ ಕಂಡರು. ಆ ಮನುಷ್ಯ ಅರ್ಚನೆ ಮಾಡಿಸುವುದನ್ನೇ ಮರೆತು ಫೋನ್ ತೆಗೆದರು.

ಗೆಳೆಯರಿಬ್ಬರೂ ಮುಳಬಾಗಿಲಿನಲ್ಲಿ ದೋಸೆ ತಿಂದು, ಕೋಲಾರದ ಹತ್ತಿರ ಟೀ ಕುಡಿದು ಬರುವುದರೊಳಗೆ ಸುದ್ದಿ ಊರು ತಲುಪಿ, ಮೂರು ಕೇರಿ ಸುತ್ತಿ, ನನ್ನ ಮಿಲ್ಲಿಗೂ ಬಂದಿತ್ತು. ನಾನು ಯಾರಿಗೂ ಹೇಳಲಿಲ್ಲ. ಹಿಟ್ಟು ಮಾಡಿಸಲು ಬಂದವರಿಗೆ ಮಾತ್ರ ಹೇಳಿದೆ.

ಸಂಜೆ ಕೋದಂಡರಾಮಪ್ಪನವರು ಜಗಲಿಯ ಮೇಲೆ ಕೂತಿದ್ದರು. ರಾಜಕೀಯದಲ್ಲಿ ಪಳಗಿದವರು ಯಾವುದನ್ನೂ ನೇರವಾಗಿ ಕೇಳುವುದಿಲ್ಲ.

“ದರ್ಶನ ಚೆನ್ನಾಗಾಯ್ತೇನಪ್ಪಾ ಮುರಳಿ?”

ಮುರಳಿ ಚಪ್ಪಲಿ ಬಿಡುತ್ತ ಲೆಕ್ಕ ಹಾಕಿದ. ಆಟದ ವಿಷಯ ಹೊರಗೆ ಬಂದರೆ ಕೋರ್ಸಿನ ಸುಳ್ಳು ಹೊರಗೆ ಬರುತ್ತದೆ. ಗೆಳೆಯನೊಬ್ಬನಿಗಾಗಿ ಹೋಗಿದ್ದೆ ಎಂದ.

“ಯಾರಪ್ಪ ಆ ಗೆಳೆಯ?”

“ವಯಸ್ಸಾದೋನು ಮಾವ. ಬಹಳ ದಿನದಿಂದ ಇದ್ದೋನು. ಈ ಸಲ ಅವನ್ನ ಕೈಬಿಡ್ತಾವ್ರೆ.”

ಮುದುಕರ ಮುಖ ಕಪ್ಪಾಯಿತು. ಏಕೆಂದರೆ ಆ ದಿನವೇ ಮಧ್ಯಾಹ್ನ ಅವರ ಬಣದ ಉಮೇಶ್ ಬಂದು ಹೋಗಿದ್ದ. ಕೋದಂಡರಾಮಪ್ಪನವರೇ ಕೈಹಿಡಿದು ಡೇರಿಗೆ ಕರೆತಂದು ನಿರ್ದೇಶಕನನ್ನಾಗಿ ಮಾಡಿದ ಹುಡುಗ. ಜೇಬಿನಿಂದ ಕೂಲಿಂಗ್ ಗ್ಲಾಸು ಇಣುಕುತ್ತಿರುತ್ತದೆ. “ತಾತಾ, ಈ ಸಲ ಹೊಸಬರಿಗೆ ಬಿಟ್ಕೊಡಿ. ನೀವು ಸ್ವಲ್ಪ ನಿಧಾನ ಆಗ್ಬಿಟ್ಟಿದೀರ. ಮನೇಲೇ ಅಳಿಯಂದಿರು ತಯಾರಾಗ್ತಾವ್ರೆ ಅಂತ ಊರೆಲ್ಲ ಹೇಳ್ತದೆ, ಮನೆ ಒಡೆಯೋದು ಯಾಕೆ?” ಎಂದು ಸಲಹೆ ಕೊಟ್ಟಿದ್ದ. ಈಗ ಅಳಿಯನೇ ಬಂದು ಎದುರಿಗೆ ಅದೇ ಮಾತನ್ನು ಹೇಳುತ್ತಿದ್ದಾನೆ! ಅವರು ಒಳಗೆ ಹೋಗಿ ಒಬ್ಬರೇ ಮುದ್ದೆ ಉಂಡು ಮಲಗಿದರು. ಅಳಿಯನನ್ನು ಬಿಟ್ಟು ಅವರು ಉಂಡದ್ದು ಅದೇ ಮೊದಲು.

ಮುರಳಿಗೆ ಇದು ಅರ್ಥವಾಗಲಿಲ್ಲ. ಅವನ ಗಮನ ಓಟಿನ ಮೇಲಿತ್ತು. ಒಂದು ಫೋನಿಗೆ ಒಂದು ಓಟು ಎಂದಮೇಲೆ ಫೋನುಗಳು ಒಟ್ಟಿಗೆ ಸಿಗುವ ಜಾಗ ಬೇಕು. ಊರಿನಲ್ಲಿ ಅಂಥ ಜಾಗ ಯಾವುದು? ಡೇರಿಯ ಮುಂದೆ ಬೆಳಗಿನ ಹಾಲಿನ ಸಾಲು. ಹೆಂಗಸರು ಕ್ಯಾನು ಕೆಳಗಿಟ್ಟು, ಸರದಿ ಬರುವವರೆಗೆ ಫೋನ್ ನೋಡುತ್ತ ನಿಂತಿರುತ್ತಾರೆ. ಅವರೆಲ್ಲ ಡೇರಿಯ ಸದಸ್ಯರು, ಚುನಾವಣೆಯಲ್ಲಿ ಮತದಾರರು ಎನ್ನುವುದು ಈ ಮಹಾನುಭಾವನಿಗೆ ಹೊಳೆಯಲೇ ಇಲ್ಲ.

“ಅಕ್ಕಾ, ನಿಮ್ಮದೊಂದು ಓಟು ಬೇಕಿತ್ತು,” ಎಂದು ಸಾಲಿನ ಮೊದಲಿಗಳಾದ ಅಶ್ವತ್ಥಮ್ಮನ ಹತ್ತಿರ ಹೋದ.

ಅಶ್ವತ್ಥಮ್ಮ ಹೌಹಾರಿ ಸೆರಗು ಸರಿಮಾಡಿಕೊಂಡಳು. “ಏಮಪ್ಪಾ, ನೀನಾ ಕೇಳ್ತಿರೋದು? ನಿಮ್ಮ ಮಾವ?”

“ಮಾವನಿಗೆ ಹೇಳ್ಬೇಡಿ.”

“ಅಯ್ಯೋ ದೇವುಡಾ! ಸರಿ, ಹಾಕ್ತೀನಿ ಅಂತಿಟ್ಕೋ. ನಮ್ಮ ಹಾಲಿಗೆ ಫ್ಯಾಟ್ ಕಮ್ಮಿ ತೋರಿಸ್ತದಲ್ಲ ಆ ಮಿಷನ್ನು, ಅದಕ್ಕೇನು ಮಾಡ್ತೀಯ?”

ಓಟು ಕೇಳುವಾಗ ಯಾವುದಕ್ಕೂ ಇಲ್ಲ ಎನ್ನಬಾರದು ಎಂದು ಮಾವನಿಂದಲೇ ಕಲಿತಿದ್ದ. “ಸರಿ ಮಾಡಿಸೋಣಕ್ಕ.”

“ಹಿಂಡಿ ಮೂಟೆ?”

“ಕೊಡಿಸೋಣ.”

“ನನ್ನ ಸೊಸೆ ದಿನಾ ಹಾಲಲ್ಲಿ ಕೆನೆ ತೆಗೆದು ಕಳಿಸ್ತಾಳೆ, ಅದಕ್ಕೆ?”

“ಅದೂ ನೋಡೋಣ.”

“ತಗೋ,” ಎಂದು ಅಶ್ವತ್ಥಮ್ಮ ಫೋನ್ ಕೊಟ್ಟಳು. ಮುರಳಿ ಅದರಲ್ಲಿ ಪಟಪಟನೆ ಏನೋ ಒತ್ತಿ, “ಆಯ್ತಕ್ಕ, ನಿಮ್ಮ ಓಟು ಬಿತ್ತು” ಎಂದು ಹಿಂದಿರುಗಿಸಿದ. ಅಶ್ವತ್ಥಮ್ಮ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಅಷ್ಟೇನಾ? ಬೆರಳಿಗೆ ಮಸಿ ಹಚ್ಚಲ್ವಾ?”

“ಈಗೆಲ್ಲ ಫೋನಲ್ಲೇ ಅಕ್ಕ.”

ಹಾಲು ಹಾಕಿ ಮುಗಿಯುವಷ್ಟರಲ್ಲಿ ಸಾಲಿನಲ್ಲಿದ್ದ ಅಷ್ಟೂ ಹೆಂಗಸರ ಓಟು ಸಮುದ್ರ ದಾಟಿ ಗೊರಂಬನಿಗೆ ಬಿದ್ದಿತ್ತು. ಊರಿನಲ್ಲಿ ಹಬ್ಬಿದ ಸುದ್ದಿಯೇ ಬೇರೆ. ನಾಮಪತ್ರ ಸಲ್ಲಿಸುವ ಮೊದಲೇ ಮುರಳಿ ಚುನಾವಣೆ ಮುಗಿಸಿಬಿಟ್ಟ! ಮ್ಯಾನೇಜ್‌ಮೆಂಟ್ ಓದಿದವನಲ್ಲವೇ, ಎಂದರು ಎಲ್ಲರೂ.

ಅಂದಿನಿಂದ ಮುರಳಿಯ ಬದುಕು ಅವನಿಗೇ ಅರ್ಥವಾಗದಂತಾಯಿತು. ದಾರಿಯಲ್ಲಿ ಸಿಕ್ಕವರು ಚಪ್ಪಲಿ ಬಿಟ್ಟು ನಮಸ್ಕಾರ ಮಾಡುತ್ತಿದ್ದರು. ಒಬ್ಬರು ಹಿತ್ತಲಿನ ಬದನೆಕಾಯಿ ಕಳಿಸಿದರು, ಇನ್ನೊಬ್ಬರು ಮಗನಿಗೆ ಡೇರಿಯಲ್ಲಿ ಕೆಲಸ ಕೇಳಿದರು. ವೆಂಕಟರಮಣಪ್ಪ ಕತ್ತಲಾಗುವುದನ್ನೂ ಕಾಯದೆ ಸೀದಾ ಪೈಪಿನಂಗಡಿಗೇ ಬಂದು, “ನಮ್ಮ ಕಡೆಯೋರ ಬೆಂಬಲ ನಿನಗೇ ಮುರಳಿ. ಆ ಹಳೇದನ್ನ ಇಳಿಸ್ಬೇಕು” ಎಂದರು. ಮುರಳಿ ಸಂತೋಷದಿಂದ ಅವರ ಫೋನನ್ನೂ ಈಸಿಕೊಂಡು, “ಇಳಿಸೋದಲ್ಲಣ್ಣ, ಹಳೇದನ್ನ ಉಳಿಸ್ಬೇಕು” ಎಂದು ಗೊರಂಬನಿಗೆ ಓಟು ಒತ್ತಿದ. ವೆಂಕಟರಮಣಪ್ಪನವರಿಗೆ ಇದರ ಒಳಮರ್ಮ ತಿಳಿಯದೆ ನಿದ್ದೆ ಹತ್ತಲಿಲ್ಲವಂತೆ. ಇಷ್ಟು ಆಳದ ರಾಜಕೀಯವನ್ನು ಅವರು ಕಂಡಿರಲಿಲ್ಲ.

ಶೋಭಾರಾಣಿಗೆ ಮಾತ್ರ ವಿಷಯ ತಿಳಿದಿತ್ತು. ಆದರೂ ಸುಮ್ಮನಿದ್ದಳು. ಮದುವೆಯಾದಾಗಿನಿಂದ ಊರವರು ಅವಳ ಗಂಡನನ್ನು ‘ಕೋದಂಡರಾಮಪ್ಪನ ಅಳಿಯ’ ಎಂದೇ ಕರೆದವರು. ಈಗ ಅಂಗಡಿಗೆ ಹೋದರೆ “ಮುರಳಿಯವರ ಮನೆಯೋರು ಬಂದ್ರು, ದಾರಿ ಬಿಡ್ರೋ” ಎನ್ನುತ್ತಿದ್ದರು. ಕೇಳಲು ಹಿತವಾಗಿತ್ತು. ಯಾವ ಹೆಂಗಸಿಗಾದರೂ ಹಿತವಾಗುತ್ತದೆ, ನಾನು ತಪ್ಪು ಹೇಳುವುದಿಲ್ಲ.

ಅಷ್ಟರಲ್ಲಿ ಉಮೇಶ್ ದೂರು ಕೊಟ್ಟ. ಚುನಾವಣಾಧಿಕಾರಿ ಅಮರನಾಥ್ ಜೀಪಿನಲ್ಲಿ ಬಂದಿಳಿದರು. ಶ್ರೀನಿವಾಸಪುರದ ಕಡೆಯವರು, ನಿವೃತ್ತಿಗೆ ಸ್ವಲ್ಪ ದಿನವಿತ್ತು, ಏನೂ ಆಗದೆ ಕಳೆದರೆ ಸಾಕೆಂದು ದೇವರಿಗೆ ಹೇಳಿಕೊಂಡಿದ್ದವರು. ಡೇರಿಯ ಒಳಗೆ ಮೇಜು ಹಾಕಿ ವಿಚಾರಣೆ. ಒಂದು ಕಡೆ ಮಾವ, ಇನ್ನೊಂದು ಕಡೆ ವೆಂಕಟರಮಣಪ್ಪ, ಬಾಗಿಲಿನಲ್ಲಿ ನಾನು.

“ಫೋನಿನಲ್ಲಿ ಮತದಾನ ಮಾಡಿಸಿದ್ದು ನಿಜಾನಾ?”

“ನಿಜ ಸಾರ್.”

“ಯಾವ ನಿಯಮದ ಪ್ರಕಾರ?”

“ಕಂಪನಿ ರೂಲ್ಸು ಸಾರ್. ಒಂದು ಫೋನಿಗೆ ಒಂದೇ ಓಟು.”

“ಅಭ್ಯರ್ಥಿ ಯಾರು?”

ಮುರಳಿ ಮಾವನ ಕಡೆ ನೋಡಿದ. “ಗೊರಂಬ ಅಂತ ಸಾರ್.”

“ತಂದೆ ಹೆಸರು?”

“ಇಲ್ಲ ಸಾರ್.”

“ಪಾಪ. ಸಂಘದ ಸದಸ್ಯರಾ? ಹಸು ಇಟ್ಟಿದ್ದಾರಾ?”

“ಮೂರನೇ ಭಾಗದಲ್ಲಿ ಒಂದು ಕಾಡೆಮ್ಮೆ ಇತ್ತು ಸಾರ್. ಅದರ ಮೇಲೆ ಕೂತ್ಕೊಂಡು ಬರ್ತಿದ್ದ. ಆಮೇಲೆ ತೆಗೆದುಹಾಕಿದ್ರು.”

“ಯಾರು?”

“ಆಡಳಿತದೋರು. ಖರ್ಚು ಜಾಸ್ತಿ ಆಗ್ತದೆ ಅಂತ.”

ಅಮರನಾಥ್ ಕೋದಂಡರಾಮಪ್ಪನವರನ್ನು ದುರುಗುಟ್ಟಿ ನೋಡಿ, “ಬಡವನ ಎಮ್ಮೆ ಕಿತ್ಕೊಂಡಿದೀರಾ?” ಎಂದು ಕೇಳಿದರು. ಮುದುಕರು ತಮ್ಮ ಇಷ್ಟು ವರ್ಷದ ಆಡಳಿತದಲ್ಲಿ ಯಾವ ಗೊರಂಬನ ಯಾವ ಎಮ್ಮೆ ಎಂದು ನೆನಪಿಸಿಕೊಳ್ಳಲು ಹೆಣಗಿದರು. ನಿದ್ದೆಗೆಡಿಸಿದ್ದ ಒಳಮರ್ಮ ಹೊಳೆದವರಂತೆ ವೆಂಕಟರಮಣಪ್ಪ ಎದ್ದು, “ಬೇನಾಮಿ ಸಾರ್ ಇದು! ಗೊರಂಬ ಅಂದ್ರೆ ಇವನೇ. ಹೊಟ್ಟೆ ನೋಡಿ, ಗೊತ್ತಾಗಲ್ವಾ?” ಎಂದರು. ಅಧಿಕಾರಿಗಳು ಎರಡು ಲೋಟ ಮಜ್ಜಿಗೆ ಕುಡಿದು, ಈ ಹೆಸರಿನ ಸದಸ್ಯನೇ ಇಲ್ಲವಾದ್ದರಿಂದ ಅಪರಾಧವೂ ಇಲ್ಲವೆಂದು ತೀರ್ಮಾನಿಸಿ ಜೀಪು ಹತ್ತಿದರು.

ಮನೆಗೆ ಬಂದ ಕೋದಂಡರಾಮಪ್ಪನವರು ಅಳಿಯನಿಗೆ ಮೊದಲ ಸಲ ಬಹುವಚನ ಹಚ್ಚಿದರು. ಅದಕ್ಕಿಂತ ಕೆಟ್ಟ ಬೈಗುಳ ಆ ಮನೆಯಲ್ಲಿ ಇಲ್ಲ.

“ಅಳಿಯಂದಿರೇ, ಚುನಾವಣೆ ಮುಗಿಯೋ ತನಕ ತಾವು ಮಾಲೂರಿಗೆ ಹೋಗಿ ತಮ್ಮ ಅಣ್ಣನವರ ಮನೇಲಿರಿ. ಆಮೇಲೂ ಅಲ್ಲೇ ಇರೋದಾದ್ರೆ ಅಡ್ಡಿ ಇಲ್ಲ. ನನ್ನ ಕುರ್ಚಿ ಕೇಳಿದ್ರೆ ನಾನೇ ಒರೆಸಿ ಕೊಡ್ತಿದ್ದೆ. ಕದಿಯೋದು ಯಾಕೆ?”

ಮುರಳಿ ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದ. ಆಗ ಶೋಭಾರಾಣಿಯ ಹಿತವೆಲ್ಲ ಇಳಿದುಹೋಯಿತು. ಬ್ಯಾಗನ್ನು ಕಿತ್ತು ಮೂಲೆಗೆ ಎಸೆದಳು. “ನನ್ನಿಂದ ಆಗಿದ್ದು ಇದು. ಮರ್ಯಾದೆ ಹೋದ್ರೆ ಹೋಗ್ಲಿ. ಬಾಗಿಲು ತೆಗ್ದು ಅಪ್ಪನಿಗೆ ಎಲ್ಲಾ ತೋರ್ಸ್ರಿ” ಎಂದಳು.

ಮಟಮಟ ಮಧ್ಯಾಹ್ನ ಆ ಕೋಣೆಯ ಬಾಗಿಲು ಪೂರ್ತಿ ತೆರೆಯಿತು. ಮಜ್ಜಿಗೆ ಪಾತ್ರೆ ವಾಪಸು ಕೊಡುವ ನೆಪದಲ್ಲಿ ನಾನೂ ಒಳಗೆ ಹೋಗಿದ್ದೆ. ಮುರಳಿ ಟೀವಿ ಹಚ್ಚಿ, ಹೆಡ್‌ಫೋನ್ ಕಿತ್ತಿಟ್ಟು, “ಇವನೇ ಮಾವ ಗೊರಂಬ. ಕೋರ್ಸು ಗೀರ್ಸು ಏನಿಲ್ಲ. ದಿನಾ ಇದೇ” ಎಂದ. ತಪ್ಪು ಮಾಡಿದ ಮಗುವಿನ ಹಾಗೆ ಗೋಡೆಗೆ ಒರಗಿ ನಿಂತ.

ಕೋದಂಡರಾಮಪ್ಪನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೊಡೆತ ಬೀಳುತ್ತದೆ ಎಂದು ನಾನು ಪಾತ್ರೆಯನ್ನು ಎದೆಗೆ ಹಿಡಿದುಕೊಂಡೆ.

“ಇವನು ಮಾಡೋದೇನು?” ಎಂದರು ಕೊನೆಗೆ.

“ನಿಂತ್ಕೋತಾನೆ ಮಾವ.”

“ಆಮೇಲೆ?”

“ಹೊಡೆಸ್ಕೋತಾನೆ.”

“ಆಮೇಲೆ?”

“ಹೊಡೆಯೋರಿಗೆ ಸುಸ್ತಾದ್ಮೇಲೆ ಒಂದೇ ಒಂದು ಕೊಡ್ತಾನೆ.”

“ಇಂಥೋನನ್ನ ಯಾಕೆ ತೆಗೆದ್ರು?”

“ನಿಧಾನ ಅಂತ ಮಾವ. ಹೊಸಬರು ಬೇಕಂತೆ.”

ಮುದುಕರು ಟವೆಲಿನಿಂದ ಕನ್ನಡಕ ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡರು. ಆಗ ಎಲ್ಲವನ್ನೂ ಹೇಳಿದರು. ಅವರ ಬಣದವರು ಅವರನ್ನು ಬಿಟ್ಟು ಉಮೇಶನ ಮುಂದಾಳತ್ವದಲ್ಲಿ ನಿಲ್ಲುತ್ತಿದ್ದಾರೆ. ಯಾಕೆ ಎಂದು ಕೇಳಿದ್ದಕ್ಕೆ ಇದೇ ಎರಡು ಕಾರಣ ಕೊಟ್ಟಿದ್ದಾರೆ. ಇದರ ಹಿಂದೆ ಅಳಿಯನಿದ್ದಾನೆ ಎಂದು ಅವರು ನಂಬಿದ್ದರು. ಹೇಳಿ ಮುಗಿಸಿ ತಮ್ಮ ಫೋನನ್ನು ಅಳಿಯನ ಕೈಗಿಟ್ಟು, “ನನ್ನ ಓಟೂ ಅವನಿಗೇ ಹಾಕು” ಎಂದರು. ಮರುದಿನ ಯಾವ ಬಣವೂ ಇಲ್ಲದೆ ಒಬ್ಬರೇ ಹೋಗಿ ನಾಮಪತ್ರ ಸಲ್ಲಿಸಿ ಬಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುರಳಿ ಒಮ್ಮೆ ಕದಡಿದ ನೀರು ಅಷ್ಟು ಬೇಗ ತಿಳಿಯಾಗುವುದಿಲ್ಲ. ಮತದಾನದ ದಿನ ಗಂಡಸರು ಬಂದರು, ಉಮೇಶನ ಹುಡುಗರು ಬಂದರು, ಹೆಂಗಸರು ಮಾತ್ರ ಬರಲಿಲ್ಲ. ಕೋದಂಡರಾಮಪ್ಪನವರಿಗೆ ಮೊದಲಿನಿಂದಲೂ ಬೀಳುತ್ತಿದ್ದದ್ದು ಹೆಂಗಸರ ಓಟೇ. ಬೂತಿನ ಮುಂದೆ ಕಲ್ಲಿನ ಮೇಲೆ ಕೂತು ಅವರು ಬೀದಿಯ ತುದಿಯನ್ನೇ ನೋಡುತ್ತಿದ್ದರು. ಮುರಳಿ ಓಡಿದ. ಅಶ್ವತ್ಥಮ್ಮ ನೆಮ್ಮದಿಯಾಗಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ ಕೂತಿದ್ದಳು.

“ನಮ್ಮ ಓಟು ಆವತ್ತೇ ಹಾಕಾಯ್ತಲ್ಲಪ್ಪ. ಎರಡೆರಡು ಸಲ ಹಾಕಿದ್ರೆ ಕೇಸು ಹಾಕ್ತಾರೆ ಅಂತ ಉಮೇಶ್ ಮನೆಮನೆಗೂ ಹೇಳಿ ಹೋಗವ್ನೆ.”

ಮುರಳಿಗೆ ಒಂದೊಂದು ಮನೆಗೂ ಹೋಗಿ ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಕೇರಿಯ ನಡುವಿನ ಕಟ್ಟೆ ಹತ್ತಿ ನಿಂತ. ಹೆಂಡತಿಯ ಎದುರಿಗೂ ದನಿ ಎತ್ತದವನು ಅಂದು ಗಂಟಲು ಹರಿಯುವಂತೆ ಕೂಗಿದ.

“ಅಕ್ಕಂದಿರಾ, ಅಮ್ಮಂದಿರಾ, ಕೇಳ್ರಿ! ನಾನು ಮ್ಯಾನೇಜ್‌ಮೆಂಟೂ ಓದಿಲ್ಲ, ಮಣ್ಣೂ ಓದಿಲ್ಲ. ನಲವತ್ತು ದಾಟಿದ್ರೂ ಬಾಗಿಲು ಹಾಕ್ಕೊಂಡು ವಿಡಿಯೋ ಗೇಮ್ ಆಡ್ತೀನಿ! ನೀವು ಓಟು ಹಾಕಿದ್ದು ಟೀವಿಯೊಳಗಿರೋ ಬೊಂಬೆಗೆ! ನಿಮ್ಮ ಡೇರಿ ಓಟು ಹಂಗೇ ಐತೆ. ಬಂದು ನಮ್ಮ ಮಾವನಿಗೆ ಹಾಕ್ರಿ!”

ಕೇರಿಯ ಬಾಗಿಲುಗಳಲ್ಲಿ ಒಂದೊಂದೇ ತಲೆ ಇಣುಕಿತು. ಆಮೇಲೆ ನಗು ಶುರುವಾಯಿತು ನೋಡಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಹಬ್ಬಿ, ಹಟ್ಟಿಯ ಹಸುಗಳೂ ಬೆದರಿದವು. ಮುರಳಿ ಕಟ್ಟೆಯ ಮೇಲೆ ಕೆಂಪಗೆ ನಿಂತಿದ್ದ, ಇಳಿಯಲಿಲ್ಲ. ಅಶ್ವತ್ಥಮ್ಮ ಕಣ್ಣೀರು ಒರೆಸಿಕೊಂಡು, “ಹಂಗಾದ್ರೆ ಫ್ಯಾಟ್ ಮಿಷನ್ನು, ಹಿಂಡಿ ಮೂಟೆ?” ಎಂದಳು. “ಮಾವನ್ನ ಗೆಲ್ಲಿಸ್ರಿ, ಅವರನ್ನೇ ಕೇಳಿ” ಎಂದ. “ನನ್ನ ಸೊಸೆ ಕೆನೆ?” ಎಂದು ಕೇಳುತ್ತಲೇ ಅವಳು ಚಪ್ಪಲಿ ಮೆಟ್ಟಿಕೊಂಡಳು. ಅವಳ ಹಿಂದೆ ಕೇರಿಯೇ ಹೊರಟಿತು.

ಕೋದಂಡರಾಮಪ್ಪನವರು ನಿರ್ದೇಶಕರಾಗಿ ಗೆದ್ದರು. ಆದರೆ ಅಧ್ಯಕ್ಷನನ್ನು ಆರಿಸುವ ನಿರ್ದೇಶಕರಲ್ಲಿ ಹೆಚ್ಚಿನವರು ಉಮೇಶನ ಕಡೆಯವರೇ ಆದ್ದರಿಂದ ಅಧ್ಯಕ್ಷನಾದವನು ಉಮೇಶ್. ಮುದುಕರಿಗೆ ಸಿಕ್ಕಿದ್ದು ಮೇಜಿನ ಕೊನೆಯಲ್ಲಿ ಬಾಗಿಲ ಪಕ್ಕದ ಕುರ್ಚಿ, ಬೇಕಾದರೆ ಕೂರಲಿ ಎನ್ನುವ ಧಾಟಿಯಲ್ಲಿ.

ಮೊದಲ ಮೀಟಿಂಗಿನ ದಿನವೇ ಆಂಜಿಯ ಫೋನ್ ಬಂತು. ಗೊರಂಬ ಓಟಿನಲ್ಲಿ ಗೆದ್ದಿದ್ದಾನೆ. ಆದರೆ ಕಂಪನಿಯವರು ಅವನನ್ನು ಆಟದ ಜೊತೆ ಸೇರಿಸಿ ಕೊಡುವುದಿಲ್ಲವಂತೆ. ಬೇಕಾದವರು ಬೇರೆ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕಂತೆ. ಮುರಳಿ ಸಿಟ್ಟಿನಿಂದ ಫೋನ್ ಹಿಡಿದೇ ಜಗಲಿಗೆ ಬಂದ.

“ನೋಡಿ ಮಾವ ಇವರ ವ್ಯಾಪಾರ! ಜನ ಗೆಲ್ಲಿಸಿದ್ರೂ ಹೊರಗೆ ನಿಲ್ಲಿಸಿ ಮಾರ್ತಾವ್ರೆ. ಇದು ಅವನಿಗೆ ಅವಮಾನ. ನಾನು ತಗೊಳ್ಳಲ್ಲ. ನಾನೂ ಆಂಜೀನೂ ಬಹಿಷ್ಕಾರ ಹಾಕ್ತೀವಿ.”

ಕೋದಂಡರಾಮಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುವುದರಲ್ಲಿದ್ದರು. ನಿಂತು, ಟವೆಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡರು.

“ಬೇಡ ಕಣೋ ಮುರಳಿ. ದುಡ್ಡು ಕೊಟ್ಟಾದ್ರೂ ಒಳಗೆ ಕರ್ಕೋ ಅವನ್ನ. ಎಲ್ಲಿ ಕೂರಿಸಿದ್ರು ಅಂತ ಯಾರು ನೋಡ್ತಾರೆ? ಒಳಗೆ ಬರಕ್ಕೆ ಒಂದು ಜಾಗ ಸಿಕ್ಕಿದ್ರೆ ಸಾಕು ಅವನಿಗೆ.”

ಹೇಳಿ, ಮೆಟ್ಟಿಲಿಳಿದು, ಯಾವ ಅವಸರವೂ ಇಲ್ಲದೆ ಒಂದೊಂದೇ ಹೆಜ್ಜೆ ಎತ್ತಿಡುತ್ತ ಡೇರಿಯ ಕಡೆ ನಡೆದರು.